ಕೆಂದನ ಊದಿದ ರೆಪ್ಪೆ

"ಉಚ್ಚುನಾಯಿ ಬಂದದೆ! ಮಕ್ಳ ಒಳೀಕ್ ಎಳ್ಕಳ್ರಪ್ಪೋ!"

ಆಲೆಮನೆ ಮುದ್ದಯ್ಯನ ಕೂಗಿಗೆ ಗಾಣದ ಎಂಜಿನ್ನೂ ಒಂದು ಗಳಿಗೆ ಉಸಿರು ಹಿಡಿಯಿತು. ತಲೆಯ ಮೇಲಿನ ಹುಲ್ಲಿನ ಹೊರೆಯನ್ನು ಬದುವಿನಲ್ಲೇ ಕೆಡವಿ ಸೋಮಮ್ಮ ಓಡಿ ಬಂದಳು. ನೋಡಿದರೆ ತನ್ನ ಮನೆಯ ಕೆಂದ! ಬೆಳಿಗ್ಗೆ ಅವಳ ಕೈಯಿಂದ ಮುದ್ದೆ ತಿಂದು ಹೋದ ನಾಯಿಯ ರೆಪ್ಪೆಗಳೆರಡೂ ಬದನೆಕಾಯಿಯ ಹಾಗೆ ಊದಿ, ಒಳಗೆ ಕಣ್ಣಿದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಬಾಯಿ ತುಂಬ ಬಿಳಿ ನೊರೆ. ಕಬ್ಬಿನ ರಾಶಿಗೆ ಮುಖ ಗುದ್ದಿಕೊಳ್ಳುತ್ತಾ ಸುತ್ತುತ್ತಿತ್ತು. ಮುದ್ದಯ್ಯ ಆಗಲೇ ದೊಣ್ಣೆ ಎತ್ತಿದ್ದ.

"ಒಡೀಬ್ಯಾಡ ಕಣಣ್ಣ! ನನ್ ಮಗ ಇದ್ದಂಗದು!"

"ದೂರ ಓಗು ಸೋಮಕ್ಕ! ನೊರೆ ಕಾಣಾಕಿಲ್ವಾ? ಕಚ್ಬುಟ್ರೆ ಒಟ್ಟೆ ಸುತ್ತ ಸೂಜಿ ಆಕಿಸ್ಕಂಡು ನೀನೂ ಬೊಗಳ್ತಾ ಕೂತ್ಕಬೇಕಾಯ್ತದೆ!"

ಸೋಮಮ್ಮ ಒಂದು ಹೆಜ್ಜೆ ಮುಂದಿಟ್ಟಳು. "ಕೆಂದಾ..." ಎಂದಳು, ಅಷ್ಟೆ. ನಾಯಿ ದನಿ ಬಂದತ್ತ ತಿರುಗಿ, ಸೊಂಟವೇ ಮುರಿಯುವ ಹಾಗೆ ಬಾಲ ಅಲ್ಲಾಡಿಸಿತು. ಅದರ ಗಲ್ಲದ ಕೂದಲಿನಿಂದ ಒಂದು ಕಣಜ ಗುಂಯ್ ಎಂದು ಎದ್ದು, ನೆಟ್ಟಗೆ ಕಬ್ಬಿನ ಹಾಲಿನ ತೊಟ್ಟಿಗೆ ಹಾರಿತು. ಸೋಮಮ್ಮ ಇಣುಕಿ ನೋಡಿದಳು. ಬೆಟ್ಟದಂತೆ ನಿಂತ ನೊರೆಯ ನಡುವೆ ಮೂತಿಯಗಲದ ಗುಂಡಿ. ಸುತ್ತ ಕಣಜಗಳ ಸಂತೆ.

"ಅಯ್ಯೋ ನಿನ್ ಮನೆ ಕಾಯ್ವೋಗ! ಕಬ್ಬಿನಾಲು ಕುಡ್ದದೆ ಕಣಣ್ಣ! ಕಣ್ಣಿಗೆ ಕಣಜ ಕಚ್ಚವೆ!" ಸೋಮಮ್ಮ ಅಲ್ಲೇ ಕುಸಿದು ಕೂತು, ಕೆಂದನನ್ನು ತಬ್ಬಿಕೊಂಡು ನಗುತ್ತಾ ಅತ್ತಳು.

ಮುದ್ದಯ್ಯ ದೊಣ್ಣೆ ಬಿಸಾಕಿದ. "ನಂಗ್ ಮೊದ್ಲೇ ಗೊತ್ತಿತ್ತು ಬುಡು. ಅದ್ಕೇ ಒಡೀಲಿಲ್ಲ" ಎನ್ನುತ್ತಾ, ತಾನೂ ನೋಡೋಣವೆಂದು ತೊಟ್ಟಿಗೆ ಬಗ್ಗಿದ. ಕಣಜಗಳಿಗೆ ನಾಯಿ ಯಾವುದು, ಯಜಮಾನ ಯಾವುದು? ಬಲಗಣ್ಣಿನ ರೆಪ್ಪೆ ನೋಡುತ್ತಿದ್ದ ಹಾಗೇ ಬನ್ನಿನಂತೆ ಉಬ್ಬಿತು. ಉರಿ ತಡೆಯಲಾರದೆ ಒಂದು ಚೊಂಬು ಕಬ್ಬಿನ ಹಾಲನ್ನು ಗಟಗಟ ಕುಡಿದ.

ಅಷ್ಟರಲ್ಲಿ ಸುದ್ದಿ ಪಕ್ಕದೂರು ಶೀಳನೆರೆ ಮುಟ್ಟಿತ್ತು. ಮುಟ್ಟುವ ಹೊತ್ತಿಗೆ ಒಂದು ನಾಯಿ ನಾಲ್ಕಾಗಿ, ಎರಡು ಎಮ್ಮೆಯನ್ನೂ ಕಚ್ಚಿಬಿಟ್ಟಿತ್ತು! ಟ್ರಾಕ್ಟರು ತುಂಬ ಜನ, ಕೈಕೈಯಲ್ಲಿ ದೊಣ್ಣೆ, ದಬದಬ ಇಳಿದರು.

"ಎಲ್ಲದೆ ಕಣವ್ವಾ? ಉಚ್ಚಿಡ್ದಿರೋದು ಯಾವ್ದಕ್ಕೆ?"

ಸೋಮಮ್ಮ ಬಾಯಿ ತೆರೆಯುವ ಮೊದಲೇ, ಒಂದು ಕಣ್ಣು ಮುಚ್ಚಿಹೋಗಿದ್ದ ಮುದ್ದಯ್ಯ ಟವೆಲು ಎಳೆದುಕೊಂಡು ಮೀಸೆಯ ನೊರೆಯನ್ನು ಗಸಗಸ ಒರೆಸತೊಡಗಿದ.