ಅತ್ತೆಯ ಗಲ್ಲ

ಸೂಜಿ ಚುಚ್ಚಿ ಕೂದಲನ್ನು ಬೇರಿನಲ್ಲೇ ಸುಡುವ ಎಲೆಕ್ಟ್ರಾಲಿಸಿಸ್ ಪರೀಕ್ಷೆಗೆ ಇದು ಅವಳ ಕೊನೆಯ ಅವಕಾಶ. ಫೇಲಾದರೆ ಸರ್ಟಿಫಿಕೇಟೂ ಇಲ್ಲ, ಕ್ಲಿನಿಕ್ಕಿನ ಕೆಲಸವೂ ಇಲ್ಲ. ಮುಖದಲ್ಲಿ ಕೂದಲಿರುವ ಮಾಡೆಲನ್ನು ಅವಳೇ ಕರೆತರಬೇಕು. ಗಲ್ಲದ ತುಂಬ ಕೂದಲಿದ್ದ ಸೋದರತ್ತೆಯನ್ನು ಕಾಡಿ ಬೇಡಿ ಒಪ್ಪಿಸಿದ್ದಳು.

ಹೊತ್ತಾದರೂ ಅತ್ತೆಯ ಸುಳಿವಿಲ್ಲ.

"ಏನಮ್ಮಾ, ನಿನ್ ಮಾಡೆಲ್ಲು ಕೈಕೊಟ್ರಾ?" ಎಂದರು ಪರೀಕ್ಷಕಿ.

"ಇಲ್ಲ ಮೇಡಂ, ಬರ್ತಾರೆ. ಸ್ವಲ್ಪ ನಾಚ್ಕೆ ಜಾಸ್ತಿ ಅವ್ರಿಗೆ."

ಅಷ್ಟರಲ್ಲಿ ಅತ್ತೆ ಮುಖಕ್ಕೆ ಸೆರಗು ಹಿಡಿದು, ಏದುಸಿರು ಬಿಡುತ್ತ ಬಂದು ಕುರ್ಚಿಯಲ್ಲಿ ಕೂತರು. ಅವಳಿಗೆ ಹೋದ ಜೀವ ಬಂತು. ಸೂಜಿ ಕೈಗೆತ್ತಿಕೊಂಡಳು.

ಅತ್ತೆ ಸೆರಗು ಸರಿಸಿ ನಕ್ಕರು.

"ಲೇಟಾಯ್ತು ಕಣೇ. ಮೇಡಂ ಮುಂದೆ ನಿನ್ ಮರ್ಯಾದೆ ಹೋಗ್ಬಾರ್ದು ಅಂತ ಪಾರ್ಲರ್‌ಗೆ ಹೋಗಿ ಒಂದೂ ಬಿಡ್ದೆ ಕೀಳಿಸ್ಕೊಂಡು ಬಂದೆ!"