ಹಗಲಿನ ಅಶ್ವಗಂಧ

ಅಶ್ವಗಂಧದ ಡಬ್ಬಿ ತೆರೆದರೆ ಈಗಲೂ ನಾಚಾರಂ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ. ಅಮ್ಮನಿಗೆ ಕಾಲ್ ಸೆಂಟರಿನಲ್ಲಿ ರಾತ್ರಿಪಾಳಿ. ಹಗಲು ನಿದ್ದೆ ಹತ್ತುತ್ತಿರಲಿಲ್ಲ. ಮಲಗುವ ಮುಂಚೆ ಆ ಪುಡಿಯನ್ನು ಹಾಲಿನಲ್ಲಿ ಕುಡಿಯಲು ವೈದ್ಯರು ಹೇಳಿದ್ದರು.

“ರಾತ್ರಿ ಔಷಧ ಹಗಲಿಗೆ ಕುಡೀತಾರೇನವ್ವಾ?” ಎಂದರು ಅಜ್ಜಿ, ಹಾಲು ಕದಡುತ್ತ.

“ನನ್ನ ರಾತ್ರಿ ಈಗ ಐತ್ರಿ, ಅತ್ತಿ.”

ತೇಲುತ್ತಿದ್ದ ಕಂದು ಪುಡಿಯ ಸಮೇತ ಕುಡಿದು ಅಮ್ಮ ನಿದ್ದೆಹೋದಳು. ಐದು ಗಂಟೆಗೆ ಎಬ್ಬಿಸುವುದು ನನ್ನ ಕೆಲಸ. ಕಂಪನಿಯ ಕ್ಯಾಬ್ ಇನ್ನೊಮ್ಮೆ ತಪ್ಪಿದರೆ ಅವಳ ನೌಕರಿ ಹೋಗುತ್ತಿತ್ತು.

ಐದಕ್ಕೆ ಕೆಳಗೆ ಕ್ಯಾಬಿನ ಹಾರ್ನ್ ಕೇಳಿಸಿತು. “ಸಾವಕಾಶ ಎಬ್ಬಿಸು, ಭಾಳ ದಿನಕ್ಕ ನಿದ್ದಿ ಹತ್ತೇತಿ,” ಎಂದು ಅಜ್ಜಿ ಡ್ರೈವರನನ್ನು ನಿಲ್ಲಿಸಲು ಇಳಿದುಹೋದರು. ನಾನು ಅಮ್ಮನ ಕಾಲು ಅಲುಗಾಡಿಸಿದೆ. ಅವಳು ಕಣ್ಣು ತೆರೆಯದೆ ಪಕ್ಕಕ್ಕೆ ಸರಿದು, ಹೊದಿಕೆ ಎತ್ತಿ ನನಗೆ ಜಾಗ ಮಾಡಿಕೊಟ್ಟಳು. ನಾನು ಮಲಗಿಕೊಂಡೆ.