ಹೋದದ್ದನ್ನು ತರುವ ಕೀ

ಅಮ್ಮನ ಕೊನೆಗಾಲಕ್ಕೆ ಬರಲಿಲ್ಲವೆಂದು ಅಣ್ಣ ತಂಗಿಯೊಡನೆ ಹನ್ನೊಂದು ವರ್ಷ ಮಾತು ಬಿಟ್ಟಿದ್ದ. ಈಗ ಅವನೂ ಹೋಗಿ ಐದು ದಿನ. ಅವನ ಕಂಪ್ಯೂಟರಿನ ಕಪ್ಪು ಪರದೆಯಲ್ಲಿ ಒಂದೇ ಪದ ಉಳಿದಿತ್ತು: ‘ತಂಗೀ,’. ಅದರ ಕೆಳಗೆಲ್ಲ ಖಾಲಿ. ಅವನು ಏನು ಹೇಳಹೊರಟಿದ್ದನೋ, ಅವಳಿಗೆ ತಿಳಿಯಲೇಬೇಕಿತ್ತು.

“ಇದರಲ್ಲಿ ಮೌಸು ನಡೆಯಲ್ಲ ಅಕ್ಕಾ, ಎಲ್ಲಾ ಕೀ ಒತ್ತಿಯೇ ಮಾಡ್ಬೇಕು,” ಎಂದ ಅಣ್ಣನ ಆಫೀಸಿನ ಗೆಳೆಯ. “ಮೊದಲು ಎಸ್ಕೇಪ್, ಆಮೇಲೆ ಯು. ಹೋದದ್ದು ವಾಪಸು ಬರುತ್ತೆ.”

“ಹೋದವರೂ ಬರ್ತಾರೇನಪ್ಪಾ?”

ಅವನು ಕೀಬೋರ್ಡನ್ನು ಅವಳತ್ತ ಸರಿಸಿದ.

‘ಎಸ್ಕೇಪು, ಯು, ಎಸ್ಕೇಪು, ಯು’ ಎಂದು ಪದ್ಯ ಬಾಯಿಪಾಠ ಮಾಡುವವಳಂತೆ ನಾಲ್ಕು ಸಲ ಹೇಳಿಕೊಂಡಳು. ದೇವರಿಗೆ ಕೈಮುಗಿದು ಒತ್ತಿದಳು.

ಪರದೆಯ ಮೇಲೆ ಸಾಲೊಂದು ಮೂಡಿತು: ‘ನಿನ್ನನ್ನು ಕ್ಷಮಿಸಿದ್ದೇನೆ, ಮನೆಗೆ ಬಾ.’

“ನೋಡಪ್ಪಾ, ಕ್ಷಮಿಸಿದಾನೆ ನನ್ನಣ್ಣ!” ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತ ಕೇಳಿದಳು, “ಇಷ್ಟು ಹೊತ್ತು ಎಲ್ಲಿ ಅಡಗಿಕೊಂಡಿತ್ತು ಈ ಮಾತು?”

ಗೆಳೆಯ ತಲೆ ತಗ್ಗಿಸಿದ.

“ಅಡಗಿರಲಿಲ್ಲ ಅಕ್ಕಾ. ಅಳಿಸಿದ್ದನ್ನಷ್ಟೇ ಈ ಕೀ ತರೋದು. ಬರೆದವರೂ ಅವರೇ, ಅಳಿಸಿದವರೂ ಅವರೇ.”